ಬೆಂಜಮಿನ್‌ಗೆ ಒಂದು ತುತ್ತು

ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವರು ಈವತ್ತು ಬೆಳಿಗ್ಗೆ ಒಣಮೀನು ಹುರಿದರು. ನಮ್ಮದು ನಂಜನಗೂಡಿನಲ್ಲಿ ವಿಭೂತಿಯವರೇ ತುಂಬಿರುವ ಬೀದಿ. ಬೆಳ್ಳುಳ್ಳಿ ಒಗ್ಗರಣೆಗಿಂತ ಖಾರವಾದ ವಾಸನೆ ಇಲ್ಲಿ ಏಳುವುದು ಕಡಿಮೆ. ಪಕ್ಕದ ಮನೆಯವರು ಪಟ್ಟನೆ ಕಿಟಕಿ ಮುಚ್ಚಿದ್ದು ಕೇಳಿಸಿತು. ನಾನು ಮಾತ್ರ ಕಾಫಿ ಲೋಟ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತು, ಮರ್ಯಾದಸ್ಥ ಮುದುಕಿಯೊಬ್ಬಳು ಮಾಡಬಾರದ ಹಾಗೆ, ಮೂಗರಳಿಸಿ ಉಸಿರೆಳೆದುಕೊಂಡೆ. ತಪ್ಪು ತಿಳಿಯಬೇಡಿ, ನಾನು ಹುಟ್ಟಿದಾಗಿನಿಂದ ಪ್ಯೂರ್ ವೆಜಿಟೇರಿಯನ್. ಆದರೆ ಇದೇ ವಾಸನೆ ಒಮ್ಮೆ ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಿಂದಲೂ ಎದ್ದಿತ್ತು. ಎಬ್ಬಿಸಿದವಳು ನಾನೇ. ಬೆಂಜಮಿನ್‌ಗೋಸ್ಕರ.

ಬೆಂಜಮಿನ್ ನನ್ನ ಬೆಕ್ಕು. ಮೈಸೂರಿನ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಬೆಳೆದವಳಿಗೆ ಬೆಕ್ಕು ಕಂಡರೆ ಇಂಥ ಹೆಸರೇ ಹೊಳೆಯುವುದು, ಏನು ಮಾಡಲಿ. ಕಿತ್ತಳೆ ಬಣ್ಣ, ಎದೆಗೆ ಬಿಳಿ ಬಿಬ್ ಕಟ್ಟಿದಂಥ ಮಚ್ಚೆ. ಸಿಸ್ಟರ್‌ಗಳು ನಮಗೆ ಕಲಿಸಿದ ಟೇಬಲ್ ಮ್ಯಾನರ್ಸನ್ನು ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ ಆಗಿದ್ದಷ್ಟು ಕಾಲವೂ ಹೆಣ್ಣುಮಕ್ಕಳಿಗೆ ಕಲಿಸಲು ಹೋಗಿ ಸೋತಿದ್ದೆ. ಕಲಿತವನು ಬೆಂಜಮಿನ್ ಒಬ್ಬನೇ. ಹಾಲನ್ನವನ್ನು ತಟ್ಟೆಯ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಿದ್ದ, ಒಂದಗುಳು ಚೆಲ್ಲುತ್ತಿರಲಿಲ್ಲ. ಮುಗಿದ ಮೇಲೆ ಕೂತು ಕೈ ತೊಳೆದುಕೊಳ್ಳುತ್ತಿದ್ದ.

ಇನ್ನೊಬ್ಬರನ್ನು ಪರಿಚಯಿಸದೆ ಮುಂದಕ್ಕೆ ಹೋಗುವ ಹಾಗಿಲ್ಲ. ನನ್ನ ಅಣ್ಣನ ಹೆಂಡತಿ ಪುಟ್ಟಮ್ಮಣ್ಣಿ, ತಿ. ನರಸೀಪುರದ ಹೆಣ್ಣು. ನಾನು ಮದುವೆಯಾಗಲಿಲ್ಲ, ಅಣ್ಣ ಹೋದ ಮೇಲೆ ಅತ್ತಿಗೆಯೂ ನಾನೂ ಒಂದೇ ಸೂರಿನಡಿ ಜಗಳವಾಡಿಕೊಂಡು ಸುಖವಾಗಿದ್ದೇವೆ. ಅವರ ಪ್ರಕಾರ ನಾನು ಫೋರ್ಕಿನಲ್ಲಿ ಮುದ್ದೆ ತಿನ್ನಲು ಹೋಗುವವಳು. ನನ್ನ ಪ್ರಕಾರ ಅವರು ಬೀದಿಯ ಆ ತುದಿಗೆ ಕೇಳಿಸುವಂತೆ ಗುಟ್ಟು ಹೇಳುವವರು. ಎರಡೂ ನಿಜವೇ.

ಅತ್ತಿಗೆಯ ಕೂದಲನ್ನು ಆಗ ನೀವು ನೋಡಬೇಕಿತ್ತು. ಆ ವಯಸ್ಸಿನಲ್ಲೂ ಮೊಣಕಾಲು ಮುಟ್ಟುತ್ತಿತ್ತು. ಬಿಳಿ ಎಳೆಗಳು ಹಣೆಯ ಹತ್ತಿರ ಮಾತ್ರ, ಅದೂ ಯಾರೋ ವಿಭೂತಿ ಸವರಿದ ಹಾಗೆ. ಭಾನುವಾರ ಎರೆದುಕೊಂಡು, ಸಾಂಬ್ರಾಣಿ ಹೊಗೆ ಹಿಡಿದು, ಬಿಸಿಲು ಬೀಳುವ ಹಜಾರದಲ್ಲಿ ಅಷ್ಟನ್ನೂ ಹರಡಿಕೊಂಡು ಕೂತರೆ ಬೀದಿಯ ಹುಡುಗಿಯರು ನೆಪ ಹುಡುಕಿ ನೋಡಲು ಬರುತ್ತಿದ್ದರು. ಅಣ್ಣ ತೀರಿಕೊಂಡಾಗ ರೇಷ್ಮೆ ಸೀರೆಗಳನ್ನೆಲ್ಲ ಹಂಚಿಬಿಟ್ಟ ಅತ್ತಿಗೆ, ಜಡೆಯ ವಿಷಯಕ್ಕೆ ಬಂದ ನೆಂಟರ ಬಾಯನ್ನು ಅಲ್ಲೇ ಮುಚ್ಚಿಸಿದ್ದರು. “ಸೀರೆ ನಿಮ್ಮಣ್ಣ ತಂದಿದ್ದು. ಇದು ನಮ್ಮವ್ವ ಕೊಟ್ಟಿದ್ದು. ಇದರ ತಂಟೆಗೆ ಬಂದೀರ!”

ಆ ಜಡೆಯ ತುದಿಗೆ ಬೆಂಜಮಿನ್ ಹಾರುತ್ತಿದ್ದ. ಅತ್ತಿಗೆ ಪೊರಕೆ ಹಿಡಿದು ಅವನ ಹಿಂದೆ ಹೋಗುತ್ತಿದ್ದರು. ಅವನ ಹೆಸರನ್ನು ಅವರು ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ. “ನಿನ್ ಕೊತ್ತಿ” ಎನ್ನುತ್ತಿದ್ದರು, ಅಷ್ಟೇ.

ಅವನು ಊಟ ಬಿಟ್ಟದ್ದನ್ನು ಮೊದಲು ಗಮನಿಸಿದವರೂ ಅವರೇ. “ಏನವ್ವಾ ಮಿಸ್ಸು, ನಿನ್ ಕೊತ್ತಿ ಯಾಕಿಂಗೆ ಸಪ್ಗೆ ಕುಂತದೆ? ತಟ್ಟೆ ಇಟ್ಟಂಗೇ ಅದೆ.”

ನಾನು ನಕ್ಕುಬಿಟ್ಟೆ. ಎಲ್ಲೋ ಇಲಿ ಹಿಡಿದು ತಿಂದಿರಬೇಕು ಎಂದೆ. ಮಾರನೆಯ ದಿನವೂ ತಟ್ಟೆ ಹಾಗೇ ಇತ್ತು. ಎತ್ತಿಕೊಂಡರೆ ತೂಕವೇ ಇಲ್ಲ: ಒಳಗೆ ಬೆಕ್ಕೇ ಇಲ್ಲದ ಹಾಗೆ, ಬರೀ ತುಪ್ಪಳದ ಚೀಲ ಎತ್ತಿದ ಹಾಗೆ. ಒಸಡು ಅರಿಶಿನದ ಬಣ್ಣಕ್ಕೆ ತಿರುಗಿತ್ತು.

ಪಶು ಆಸ್ಪತ್ರೆಗೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋದೆ. ಮುಂದೊಂದು ಎಮ್ಮೆ, ಹಿಂದೊಂದು ಜರ್ಸಿ ಹಸು, ನಡುವೆ ಛತ್ರಿ ಹಿಡಿದ ನಾನು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ರಕ್ತ ತೆಗೆದರು, ಗ್ಲೂಕೋಸ್ ಹಾಕಿದರು, ಲಿವರ್ ಕೆಟ್ಟಿದೆ ಎಂದರು. ಬೆಕ್ಕಿನ ಜಾತಿಯೇ ಹಾಗಂತೆ, ಊಟ ಬಿಟ್ಟರೆ ಲಿವರ್ ಕೆಡುತ್ತದೆ, ಲಿವರ್ ಕೆಟ್ಟರೆ ಊಟ ಸೇರುವುದಿಲ್ಲ. “ಹೇಗಾದ್ರೂ ಮಾಡಿ ತಿನ್ನಿಸಿ ಮೇಡಂ. ತಾನಾಗಿ ಒಂದು ತುತ್ತು ತಿಂದರೆ ಸಾಕು, ಆಮೇಲೆ ದಾರಿಗೆ ಬರುತ್ತೆ” ಎಂದರು.

ಒಂದು ತುತ್ತು. ಆ ಮಾತನ್ನು ನಾನು ಜಪಮಣಿಯ ಹಾಗೆ ಹಿಡಿದುಕೊಂಡು ಮನೆಗೆ ಬಂದೆ. ಹಾಲನ್ನ ಕೊಟ್ಟೆ, ಮುಖ ತಿರುಗಿಸಿದ. ತುಪ್ಪ, ಕೆನೆ, ಬಿಸ್ಕತ್ತು, ಮಕ್ಕಳ ಡಬ್ಬಿ ಆಹಾರ ಎಲ್ಲ ಆಯಿತು. ಮೀನು ಕೊಟ್ಟು ನೋಡಿ ಎಂದು ಡಾಕ್ಟರು ಹೇಳಿದ್ದನ್ನು ಅತ್ತಿಗೆಗೆ ತಿಳಿಸುವ ಧೈರ್ಯ ಬರಲು ಸ್ವಲ್ಪ ಸಮಯ ಹಿಡಿಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು, ಮೀನಂಗಡಿಯ ಮುಂದೆ ಹಾಯ್ದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವವರು.

“ಇತ್ಲಲ್ಲಿ ಮಾಡ್ಕೊ” ಎಂದರು ಕೊನೆಗೆ. “ಒಡೆದೋದ ಮಡಕೆ ಅದೆ, ಅದ್ರಲ್ಲಿ ಉರ್ಕೊ. ನನ್ ಬಾಣ್ಲಿ ಮುಟ್ಬೇಡ. ನೀ ಒಳೀಕ್ ಬರಕ್ ಮುಂಚೆ ನೀರುಯ್ಕೊಂಡ್ ಬಾ.”

ಜೀವಮಾನದಲ್ಲೇ ಮೊದಲ ಸಲ ಒಣಮೀನು ಹುರಿದೆ. ಕಣ್ಣಲ್ಲಿ ನೀರು, ಮೂಗಿಗೆ ಕರವಸ್ತ್ರ. ಊರಿನ ಬೆಕ್ಕುಗಳೆಲ್ಲ ನಮ್ಮ ಕಾಂಪೌಂಡಿನ ಮೇಲೆ ಬಂದು ಕೂತವು, ನನ್ನ ಬೆಕ್ಕೊಂದು ಬಿಟ್ಟು.

ಆಮೇಲೆ ಸೂಜಿಯಿಲ್ಲದ ಸಿರಿಂಜು. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟು, ದವಡೆಯ ಸಂದಿಯಿಂದ ತೊಟ್ಟು ತೊಟ್ಟಾಗಿ ಗಂಜಿ ಬಿಡುವುದು. ಒಳಗೆ ಹೋದದ್ದಕ್ಕಿಂತ ನನ್ನ ಸೀರೆಯ ಮೇಲೆ ಬಿದ್ದದ್ದೇ ಹೆಚ್ಚು. ಅವನು ಪರಚಲೂ ಇಲ್ಲ. ಪರಚಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಮ್ಮನೆ ನನ್ನ ಮುಖ ನೋಡುತ್ತಿದ್ದ, ವೈ ಮಿಸ್, ಎನ್ನುವ ಹಾಗೆ. “ಒಂದು ತುತ್ತು ಕಣೋ, ನೀನಾಗೇ ಒಂದು ತುತ್ತು ತಿಂದರೆ ಸಾಕು” ಎಂದು ದಿನವಿಡೀ ಗೊಣಗುತ್ತಿದ್ದೆ.

“ಕೊತ್ತಿಗೆ ಗ್ಲೂಕೋಸು!” ಎನ್ನುತ್ತಿದ್ದರು ಅತ್ತಿಗೆ, ಅವರೆಕಾಯಿ ಸುಲಿಯುತ್ತ. “ನಮ್ಮತ್ತೆ ಸಾಯೋವಾಗ್ಲೂ ಯಾರೂ ಆಕುಸ್ನಿಲ್ಲ.” ಹಾಗೆಂದವರು ಎದ್ದು ಬಂದು ಟವೆಲ್ಲಿನ ತುದಿ ಹಿಡಿದುಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಹಾರ್ಟ್‌ಲೆಸ್ ವುಮನ್ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಇಂಗ್ಲಿಷಿನಲ್ಲಿ ಬೈದರೆ ಪಾಪ ಕಡಿಮೆ ಎಂದು ಬೋರ್ಡಿಂಗಿನ ಕಾಲದಿಂದ ನನ್ನದೊಂದು ನಂಬಿಕೆ. ಸೋಮವಾರ ಅವರು ಗುಡಿಗೆ ಹೊರಟಾಗ “ನಿಮ್ಮ ನಂಜುಂಡನಿಗೆ ಬೆಕ್ಕಿನ ಕೇಸು ನೋಡಲು ಪುರುಸೊತ್ತಿದೆಯೇ ಕೇಳಿ” ಎಂದು ಚುಚ್ಚಿದೆ. ಅವರು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಅವರು ಹೊಸ್ತಿಲು ದಾಟಿದ್ದೇ ಒಂದು ಸೋಜಿಗ. ಅದೂ ನನಗೆ ಹೊಳೆಯಲಿಲ್ಲ.

ಅದಾದ ಮೇಲಿನ ಒಂದು ಬೆಳಿಗ್ಗೆ. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಹಾಲನ್ನ ಕಲಸಿಕೊಂಡು ಉಣ್ಣುತ್ತಿದ್ದರು. ಬೆಂಜಮಿನ್ ಗೋಣಿತಾಟಿನಿಂದ ಎದ್ದ. ಗೋಡೆಗೆ ಒರಗಿಕೊಂಡೇ ನಡೆದು, ತೂರಾಡುತ್ತ ಅವರ ತಟ್ಟೆಯ ಹತ್ತಿರ ಬಂದು, ಅಂಚಿನಿಂದ ಒಂದು ತುತ್ತು ತಿಂದ. ನಿಧಾನವಾಗಿ, ಚೆಲ್ಲದೆ. ಆಮೇಲೆ ಕೂತು ಕೈ ನೆಕ್ಕಿಕೊಂಡ.

ನಾನು ಕಿರುಚಿದೆ. ಡಾಕ್ಟರಿಗೆ ಫೋನು ಮಾಡಿದೆ, “ವೆರಿ ಗುಡ್ ಮೇಡಂ!” ಎಂದರು. ಅತ್ತಿಗೆಯ ಎಂಜಲು ಕೈ ಹಿಡಿದುಕೊಂಡು ಹುಡುಗಿಯ ಹಾಗೆ ಕುಣಿದೆ. ಅವರು ಮಾತ್ರ ಕಣ್ಣು ಮುಚ್ಚಿಕೊಂಡು ಏನೋ ಪಿಟಿಪಿಟಿ ಎನ್ನುತ್ತಿದ್ದರು.

ಮಧ್ಯಾಹ್ನ, ಹಜಾರದಲ್ಲಿ ಬಿಸಿಲು ಬೀಳುವ ಜಾಗದಲ್ಲಿ, ಬೆಂಜಮಿನ್ ಸತ್ತುಹೋದ.

ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಎರಡು ಸಲ ದಾಟಿಕೊಂಡು ಓಡಾಡಿದ್ದೆ. ಮೂರನೆಯ ಸಲ ಬಗ್ಗಿ ಮುಟ್ಟಿದೆ. ಅವನ ಮೀಸೆಯ ಮೇಲೆ ಇನ್ನೂ ಒಂದಗುಳು ಅಂಟಿತ್ತು. ಅದನ್ನು ನೋಡಿ ನನಗೆ ಅಳು ಬರಲಿಲ್ಲ. ಊಟ ಮಾಡದೆ ಸತ್ತಿದ್ದರೆ ನನಗೆ ಅರ್ಥವಾಗುತ್ತಿತ್ತು. ತಿಂದು ಸಾಯುವುದೆಂದರೇನು? ಹೌ ಕ್ಯಾನ್ ಹಿ, ಎಂದು ಖಾಲಿ ಹಜಾರದಲ್ಲಿ ನಿಂತು ಯಾರನ್ನೋ ಕೇಳಿದೆ.

ಹಿತ್ತಲಿನ ದಾಸವಾಳದ ಬುಡದಲ್ಲಿ ಅತ್ತಿಗೆಯೇ ಗುಂಡಿ ತೋಡಿದರು. ಮಾರನೆಯ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಾಗ, “ನಾನು ನರಸೀಪುರಕ್ ಓಗ್ಬತ್ತೀನಿ, ತಮ್ಮನ್ ಮನೇಲಿ ಸ್ವಲ್ಪ ಕೆಲ್ಸ ಅದೆ” ಎಂದು ಹೊರಗಿನಿಂದಲೇ ಕೂಗಿ ಹೊರಟುಬಿಟ್ಟರು. ಇಂಥ ಹೊತ್ತಿನಲ್ಲಿ! ಫೋನು ಮಾಡಿದರೆ ಅವರ ತಮ್ಮನ ಹೆಂಡತಿ ಎತ್ತಿ, “ಮಲಗವ್ರೆ”, “ಗದ್ದೆ ತಾವ್ ಓಗವ್ರೆ” ಎನ್ನುತ್ತಿದ್ದಳು. ವಾರ ಕಳೆಯಿತು. ಸಿಟ್ಟು ಹೋಗಿ ಭಯ ಬಂತು. ಒಂದು ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿಯೇಬಿಟ್ಟೆ.

ಆ ಮನೆಯ ಜಗಲಿಯ ಮೇಲೆ, ತಲೆ ಬೋಳಿಸಿ ಗಂಧ ಮೆತ್ತಿಕೊಂಡ ಮುದುಕಿಯೊಬ್ಬಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಯಾರೋ ನೆಂಟರಿರಬೇಕು ಎಂದುಕೊಂಡು, “ಏನಮ್ಮಾ, ಪುಟ್ಟಮ್ಮಣ್ಣಿಯವರು ಇದ್ದಾರಾ?” ಎಂದು ಕೇಳಿದೆ.

“ಇಲ್ವಲ್ಲ, ಒಳೆ ತಾವ್ ಓದ್ಲು” ಎಂದಳು ಮುದುಕಿ, ತಲೆಯೆತ್ತದೆ. “ಏನಾಗ್ಬೇಕಿತ್ತು ಮಿಸ್ಸು?”

ದನಿ ಅತ್ತಿಗೆಯದು. ಜಗಲಿಯ ಕಂಬ ಹಿಡಿದುಕೊಂಡೆ. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಅವರ ಮುಖವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ, ಕೂದಲನ್ನಷ್ಟೇ ನೋಡಿದ್ದೆ. ಕಿವಿ ಇಷ್ಟು ದೊಡ್ಡವು, ಕತ್ತು ಮಗುವಿನ ಕತ್ತಿನಷ್ಟು ಸಣ್ಣದು.

“ಬೋ ಚೆಂದಾಗ್ ಕಾಣ್ತೀನಾ? ಬಾಯ್ ಮುಚ್ಚು, ನೊಣ ಓದಾತು.”

“ಅತ್ತಿಗೆ, ಏನಿದು? ವಾಟ್ ಈಸ್ ದಿಸ್?”

“ಮುಡಿ ಕೊಟ್ಟೆ. ನಿಂಗೆ ಏಳಿದ್ರೆ ನಗಾಡ್ತೀಯ ಅಂತ ಏಳ್ನಿಲ್ಲ. ಬಸ್ ಅತ್ತಕ್ ಮುಂಚೆ ಕಪಿಲೆ ತಾವ್ ಓಗಿ, ತಲೆ ಕೊಟ್ಟು, ಮುಳುಗಾಕ್ಕೊಂಡ್ ಬಂದೆ.” ಮೊರವನ್ನು ಕೆಳಗಿಟ್ಟರು. “ಕೊತ್ತಿ ಒಂದ್ ತುತ್ತು ತಿನ್ಲಿ ನಂಜುಂಡಪ್ಪ, ಮುಡಿ ಕೊಡ್ತೀನಿ ಅಂದಿದ್ದೆ. ತಿಂತಲ್ಲ.”

“ಆದರೆ ಸತ್ತುಹೋದನಲ್ಲ!” ನನ್ನ ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು. “ಸತ್ತದ್ದಕ್ಕೆ ಯಾರಾದರೂ ಹರಕೆ ತೀರಿಸುತ್ತಾರಾ?”

“ಬದುಕ್ಸು ಅಂತ ನಾನು ಕೇಳ್ಲೇ ಇಲ್ವಲ್ಲವ್ವ.” ಅತ್ತಿಗೆಯ ಕೈ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಲು ಹೆಗಲಿಗೆ ಹೋಗಿ, ಏನೂ ಸಿಗದೆ, ಅಲ್ಲೇ ನಿಂತಿತು. “ಒಂದ್ ತುತ್ತು ತಿಂದ್ರೆ ಸಾಕು, ಒಂದ್ ತುತ್ತು ತಿಂದ್ರೆ ಸಾಕು ಅಂತ ನೀನು ಬಡ್ಕೋತಿದ್ಯಲ್ಲ, ನಾನು ಅದ್ನೇ ಓಗಿ ಏಳ್ದೆ. ಅವ್ನು ಅಷ್ಟನ್ನೇ ಕೊಟ್ಟ. ಬದುಕಿರ್ಲಿ ಅಂತ ಒಂದ್ ಮಾತು ಸೇರ್ಸಿದ್ರೆ ನನ್ ಗಂಟೇನ್ ಓಯ್ತಿತ್ತು? ಒಳೀಲೇ ಇಲ್ಲ. ತೆಪ್ಪು ನಂದೇ ಕಣ.”

“ಇಟ್ಸ್ ಚೀಟಿಂಗ್!” ಎಂದೆ. ನಿಜವಾಗಿಯೂ ಹಾಗೆಂದೆ.

“ದೇವ್ರ ಜೊತೆ ಇಂಗ್ಲೀಸ್ನಲ್ಲಿ ಜಗಳ ಆಡ್ಬೇಡ, ಅವ್ನಿಗೆ ಬರಾಕಿಲ್ಲ.”

ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಬೆಂಜಮಿನ್‌ಗಾಗಿ ಅಳಲಾರದೆ ಉಳಿಸಿಕೊಂಡದ್ದೆಲ್ಲ ಆ ಜಗಲಿಯ ಮೇಲೆ ಹರಿಯಿತು. “ನಿಮಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲವಲ್ಲ” ಎಂದು ಕೇಳಿದೆ. ಅತ್ತಿಗೆ ಸೆರಗಿನಿಂದ ನನ್ನ ಮುಖ ಒರೆಸಿ, “ನೀನು ಆ ಪಿಚಕಾರಿ ಇಡ್ಕೊಂಡ್ ಕುಂತಿರದ ನೋಡಕಾಯ್ತಿರ್ನಿಲ್ಲ” ಎಂದರು. ಅಷ್ಟು ಬಿಟ್ಟು ಆ ವಿಷಯ ಇಂದಿಗೂ ಬಾಯಿಬಿಟ್ಟಿಲ್ಲ.

ಸಂಜೆಯ ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಹೊರಗೆ ಕಬ್ಬು, ಗದ್ದೆ. ಎದುರು ಸೀಟಿನ ಹೆಂಗಸು ಅತ್ತಿಗೆಯ ತಲೆಯನ್ನೇ ನೋಡುತ್ತಿದ್ದಳು. ನಮ್ಮ ಕಡೆ ಮುಡಿ ಕೊಟ್ಟವರನ್ನು ವಿಚಾರಿಸಿಕೊಳ್ಳುವುದು ಒಂದು ಸೌಜನ್ಯ.

“ಯಾರ್ ಅರಕೆ ಅವ್ವಾ?”

“ಮನೇಲಿ ಒಬ್ರುಗೆ ಉಸಾರಿರ್ನಿಲ್ಲ. ಊಟ ಸೇರ್ತಿರ್ನಿಲ್ಲ.”

“ಈಗ ಉಂಡ್ರಾ?”

ಅತ್ತಿಗೆ ಕಿಟಕಿಯ ಕಡೆ ತಿರುಗಿದರು. “ಉಂಡ್ರು” ಎಂದರು.

ಈಗ ಅತ್ತಿಗೆಯ ತಲೆಯ ಮೇಲೆ ಇರುವುದು ಬೆಳ್ಳಗಿನ ಮೋಟು ಕೂದಲು. ಬಂದದ್ದೂ ಇಷ್ಟೇ, ನಿಂತದ್ದೂ ಇಷ್ಟಕ್ಕೇ. ಹೋದ ವಾರದಿಂದ ಅವರಿಗೆ ಜ್ವರ. ಎರಡು ದಿನದಿಂದ ತಟ್ಟೆಯನ್ನು ದೂಡುತ್ತಿದ್ದಾರೆ. ಬೆಳಿಗ್ಗೆ ಆ ಕಾಫಿ ಮುಗಿಸಿ ನಾನು ಗಂಜಿ ಕಾಯಿಸಿಕೊಂಡು ಮಂಚದ ಪಕ್ಕ ಕೂತೆ. ಬಾಯಿಗೆ ಚಮಚ ಹಿಡಿದು, ಒಂದು ತುತ್ತು ಎನ್ನಲು ಹೊರಟವಳು ನಾಲಿಗೆ ಕಚ್ಚಿಕೊಂಡೆ.

ಅತ್ತಿಗೆ ಬಾಯಿ ತೆರೆದು ಒಂದು ಚಮಚ ಕುಡಿದರು.

ಸಮಾಧಾನವಾಗಬೇಕಿತ್ತು. ನನಗೆ ಬೆಂಜಮಿನ್ ಮೀಸೆಗೆ ಅಂಟಿದ್ದ ಆ ಅಗುಳು ನೆನಪಾಯಿತು. ಮಾಳಿಗೆಯ ಕಡೆ ಮುಖ ಎತ್ತಿ, ಯಾವ ಭಾಷೆಯಲ್ಲೆಂದು ನೆನಪಿಲ್ಲ, ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡೆ. ಉಣ್ಣಲಿ, ಜೀರ್ಣವಾಗಲಿ, ಎದ್ದು ಓಡಾಡಲಿ, ನನ್ನನ್ನು ಬೈಯಲಿ, ನಾಳೆ, ನಾಡಿದ್ದು, ಬರುವ ವರ್ಷ, ಅದರಾಚೆಗೂ. ಏನಾದರೂ ಬಿಟ್ಟುಹೋಯಿತೇ ಎಂದು ತಡಕಾಡಿದೆ.

“ಏನೇ ಅದು ಗೊಣಗಾಟ? ಸಾಕು ತಗಿ, ಒಂದ್ ಚಮಚ ಕುಡಿದ್ನಲ್ಲ.”

“ಸಾಲದು” ಎಂದೆ. “ಇನ್ನೊಂದು.”

“ಕೊತ್ತಿಗೆ ತುರುಕ್ದಂಗೆ ತುರುಕ್ಬೇಡ ಕಣೇ!”

“ಇನ್ನೊಂದು ಅತ್ತಿಗೆ. ಅದಾದ ಮೇಲೆ ಇನ್ನೊಂದು.”