ಮೂರು ವಾರಕ್ಕೊಂದು ಸೂಜಿ

ನನಗೆ ಹದಿಮೂರು ತುಂಬಿದ ವರ್ಷ ಒಂದು ಗಂಟಲು ನೋವು ಬಂದು ಹೋಯಿತು. ಎರಡು ವಾರ ಕಳೆದ ಮೇಲೆ ಬಲ ಮೊಣಕಾಲು ಊದಿತು. ಅದು ಇಳಿಯುವಷ್ಟರಲ್ಲಿ ಎಡಗಾಲಿನ ಹರಡು, ಆಮೇಲೆ ಮೊಣಕೈ. ಬಾಡಿಗೆ ಮನೆ ಹುಡುಕುವವರ ಹಾಗೆ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಅಲೆಯುತ್ತಿತ್ತು. ತೆಲುಗು ಸೀಮೆಗೆ ಸೇರಿದ ನಮ್ಮೂರು ಸೆಟ್ಟೂರಿನಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, "ಬೆಳೆಯೋ ಮಕ್ಳಿಗೆ ಇದೆಲ್ಲ ಇದ್ದದ್ದೇ ಕಣಮ್ಮ" ಅಂದರು. ಅಮ್ಮ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಜ್ವರ ಬಿಡದೇ ಇದ್ದಾಗ ಇಬ್ಬರೂ ನನ್ನನ್ನು ಹತ್ತಿರದ ಪೇಟೆ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದರು.

ಅಲ್ಲಿನ ಡಾಕ್ಟರು ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಸ್ಕ್ಯಾನ್ ಮಾಡಿಸಿದರು. ಗಂಟಲಿನಿಂದ ಶುರುವಾಗಿ ಹೃದಯದ ಕವಾಟಕ್ಕೆ ತಗಲುವ ಜ್ವರ ಇದು, ಸ್ವಲ್ಪ ತಗಲಿದೆ, ಮತ್ತೆ ಬಂದರೆ ಹೆಚ್ಚಾಗುತ್ತದೆ, ಬರದ ಹಾಗೆ ಕಾಯಲು ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು ಅಂದರು.

"ಎಷ್ಟು ಸಲ ಸಾರ್?" ಅಂತ ಅಮ್ಮ ಕೇಳಿದರು.

"ಸಲ ಅಲ್ಲಮ್ಮ, ವರ್ಷ ಅನ್ನಿ."

ಆ ಔಷಧಿ ಬಿಳಿ ಪುಡಿ. ನೀರು ಬೆರೆಸಿ ಅಲ್ಲಾಡಿಸಿದರೆ ಗಟ್ಟಿ ಹಾಲಿನ ಹಾಗಾಗುತ್ತದೆ. ಅದು ಇಳಿಯಬೇಕಾದರೆ ಸೂಜಿಯೂ ದಪ್ಪ ಇರಬೇಕು. ಕೊಡುವುದು ಸೊಂಟದ ಕೆಳಗೆ. ಮೊದಲು ಮುಂಗೈ ಮೇಲೆ ಒಂದೇ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಿಂದ ಗುಂಡಗೆ ಗೆರೆ ಎಳೆದು, ಇಪ್ಪತ್ತು ನಿಮಿಷ ಕೂರಿಸುತ್ತಿದ್ದರು. ಆ ಗೆರೆಯೊಳಗೆ ಕೆಂಪಗೆ ಊದಿದರೆ ಔಷಧಿ ನನಗೆ ಆಗುವುದಿಲ್ಲ ಎಂದರ್ಥ. ನಾನು ಪ್ರತಿ ಸಲವೂ ಊದಲಿ, ಊದಲಿ ಅಂತ ಅದನ್ನೇ ದಿಟ್ಟಿಸುತ್ತಿದ್ದೆ. ಒಂದು ಸಲವೂ ಊದಲಿಲ್ಲ. ಆಮೇಲೆ ಎರಡು ದಿನ ಕುಂಟು, ಚುಚ್ಚಿದ ಜಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಒಮ್ಮೊಮ್ಮೆ ಸಣ್ಣ ಜ್ವರ. ಶಾಲೆಯಲ್ಲಿ ನಾನು ಬೆಂಚಿನ ಮೇಲೆ ಒಂದೇ ಪಕ್ಕಕ್ಕೆ ಕೂರುವುದನ್ನು ನೋಡಿ ಮೇಷ್ಟ್ರು, "ಏನಮ್ಮ, ಈ ವಾರ ಬಲವೋ ಎಡವೋ?" ಅಂತ ಕೇಳುತ್ತಿದ್ದರು.

ಹೀಗೆ ಐದು ವರ್ಷ ನಡೆಯಿತು. ಡಿಗ್ರಿ ಓದಲು ಹಿಂದೂಪುರಕ್ಕೆ ಬಂದೆ. ನಮ್ಮ ಮನೆತನ ನೇಕಾರರದು. ಅಪ್ಪ ಮಗ್ಗ ಬಿಟ್ಟರೂ ಹಿಂದೂಪುರದ ಚಿಕ್ಕಮ್ಮನ ಮನೆಯಲ್ಲಿ ಇನ್ನೂ ಸೀರೆ ನೇಯುತ್ತಿದ್ದರು. ಅಲ್ಲೇ ಉಳಿದುಕೊಂಡೆ. ಇಂಜೆಕ್ಷನ್ ದಿನ ಬಂದಾಗ ನಾನೂ ಚಿಕ್ಕಮ್ಮನೂ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಚೀಟಿ ನೋಡಿದವನೇ ಕಾಂಪೌಂಡರು ವಾಪಸ್ ಕೊಟ್ಟ. "ಇದು ನಾವು ಹಾಕಲ್ಲಮ್ಮ. ರಿಯಾಕ್ಷನ್ ಆದ್ರೆ ಯಾರು ನೋಡ್ತಾರೆ?" ಎರಡನೆಯ ಕಡೆಯೂ ಅದೇ ಮಾತು. ಮೂರನೆಯ ಕಡೆ ತೆಲುಗಿನಲ್ಲಿ ಅದೇ ಮಾತು.

ಹಾಗಾಗಿ ಆ ವರ್ಷ ಪೂರ್ತಿ ನಾನು ಸೂಜಿಗೋಸ್ಕರ ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿದೆ. ಹೋಗುವಾಗ ಕಿಟಕಿ, ಹಾಡು, ಕಡಲೆಕಾಯಿ. ಬರುವಾಗ ನಿಂತುಕೊಂಡೇ ಬರುತ್ತಿದ್ದೆ. ಸೀಟು ಖಾಲಿ ಇದ್ದರೂ ನಿಂತಿರುವ ಹುಡುಗಿಯನ್ನು ನೋಡಿ ಕಂಡಕ್ಟರಿಗೆ ಪ್ರತಿ ಸಲ ಅನುಮಾನ.

ಎರಡನೆಯ ವರ್ಷ ಚಿಕ್ಕಮ್ಮ ಒಬ್ಬ ಲೇಡಿ ಡಾಕ್ಟರನ್ನು ಹುಡುಕಿದರು. ಡಾಕ್ಟರು ಒಪ್ಪಿದರು. ಒಪ್ಪದೇ ಇದ್ದದ್ದು ಅವರ ನರ್ಸು. ಪರಿಗಿಯಿಂದ ದಿನಾ ಬಂದು ಹೋಗುತ್ತಿದ್ದ, ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು.

"ವದ್ದು ತಲ್ಲೀ, ಬೇಡಮ್ಮ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ಜಾತಿ ಇಂಜೆಕ್ಷನ್ ಒಬ್ಬರಿಗೆ ಹಾಕ್ದೆ. ಐದು ನಿಮಿಷ ಆಗಿಲ್ಲ, ಮೈಯೆಲ್ಲ ದದ್ದು ಎದ್ಬುಡ್ತು. ತುಟಿ ಊದ್ಕಂಡು, ಉಸಿರು ಸುಯ್ ಸುಯ್ ಅಂತ. ಡಾಕ್ಟರು ಓಡಿಬಂದು ಇನ್ನೊಂದು ಇಂಜೆಕ್ಷನ್ ಹಾಕಿ ಉಳಿಸ್ಕೊಂಡ್ರು. ಅವರೇನೋ ಎದ್ದು ಮನೆಗೆ ಹೋದ್ರು. ನಾನು ಮಾತ್ರ ಅವತ್ತಿಂದ ಈ ಇಂಜೆಕ್ಷನ್ ಮುಟ್ಟಿಲ್ಲ."

ಅಷ್ಟು ವರ್ಷ ಊದಲಿ ಅಂತ ಹಾರೈಸುತ್ತಿದ್ದವಳಿಗೆ ಅವತ್ತು ಮೊದಲ ಸಲ ಹೆದರಿಕೆಯಾಯಿತು.

ಡಾಕ್ಟರು ಸಮಾಧಾನವಾಗಿ ಹೇಳಿದರು: "ಅಂಥದ್ದು ಆಗೋದು ಅಪರೂಪ. ಆದ್ರೆ ಆಗಲ್ಲ ಅಂತ ಯಾರೂ ಹೇಳೋಕಾಗಲ್ಲ. ಅದಕ್ಕೇ ರಿಯಾಕ್ಷನ್ನಿಗೆ ಕೊಡೋ ಔಷಧಿ ಪಕ್ಕದಲ್ಲಿಟ್ಟುಕೊಂಡು, ನಾನು ಇರುವಾಗಲೇ ಹಾಕಬೇಕು. ಇವಳ ಹೃದಯಕ್ಕೆ ಆ ಜ್ವರ ಮತ್ತೆ ಬರೋದು ಇದಕ್ಕಿಂತ ದೊಡ್ಡ ಅಪಾಯ."

ನರ್ಸಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಗೆರೆ ಎಳೆದರು. ಮೊದಲ ಎರಡು ಸಲ ಏನೂ ಆಗಲಿಲ್ಲ.

ಮೂರನೆಯ ಸಲ ನನಗೆ ಬೆಳಿಗ್ಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ತಿಂಡಿಯಿಲ್ಲ. ಮುಗಿಸಿಕೊಂಡು ಬಿಸಿಲಲ್ಲಿ ನೇರ ಕ್ಲಿನಿಕ್ಕಿಗೆ ಬಂದೆ. ಚಿಕ್ಕಮ್ಮ ಆಗಲೇ ಬಂದು ಕೂತಿದ್ದರು. ಮುಂಗೈ ಊದಲಿಲ್ಲ. ಇಂಜೆಕ್ಷನ್ ಆಯಿತು. "ಮಲಗಿರು" ಅಂತ ಹೇಳಿ ನರ್ಸಮ್ಮ ತಿರುಗಿದರು. ನಾನು ಧೈರ್ಯವಂತೆ ಅಲ್ಲವೇ, ಎದ್ದು ನಿಂತೆ. ಕಿವಿಯಲ್ಲಿ ಗುಂಯ್ ಅಂತು, ಗೋಡೆಯ ಕ್ಯಾಲೆಂಡರು ಓರೆಯಾಯಿತು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಕಾಲುಗಳು ಸ್ಟೂಲಿನ ಮೇಲೆ. ಮುಖವೆಲ್ಲ ನೀರು. ಚಿಕ್ಕಮ್ಮ ಒಂದು ಕೈಯಲ್ಲಿ ಚೊಂಬು ಹಿಡಿದು, "ನಮ್ಮಕ್ಕಂಗೆ ಏನಂತ ಹೇಳ್ಲಪ್ಪಾ ದೇವ್ರೇ" ಅಂತ ಅಳುತ್ತಿದ್ದರು. ನರ್ಸಮ್ಮ ರಿಯಾಕ್ಷನ್ನಿಗೆ ಕೊಡುವ ಔಷಧಿಯನ್ನು ಸಿರಿಂಜಿಗೆ ತುಂಬಿಕೊಂಡು ನಿಂತಿದ್ದರು. ಡಾಕ್ಟರು ನನ್ನ ನಾಡಿ ಹಿಡಿದು, ತುಟಿ ನೋಡಿ, ತೋಳು ತಿರುಗಿಸಿ ದದ್ದು ಹುಡುಕಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳಿದರು.

"ತುರಿಕೆ ಇದೆಯಾ? ಗಂಟಲು ಬಿಗಿಯಾಗ್ತಿದೆಯಾ?"

"ಇಲ್ಲ ಮೇಡಂ."

"ಬೆಳಿಗ್ಗೆ ಏನು ತಿಂದೆ?"

ನಾನು ಚಿಕ್ಕಮ್ಮನ ಕಡೆ ನೋಡಿದೆ. ಪರೀಕ್ಷೆಗೆ ಹೊರಡುವಾಗ, ಕ್ಯಾಂಟೀನಿನಲ್ಲಿ ತಿಂತೀನಿ ಅಂತ ಸುಳ್ಳು ಹೇಳಿದ್ದೆ. "ಟೀ" ಅಂದೆ.

ಅಳುತ್ತಿದ್ದ ಚಿಕ್ಕಮ್ಮ ತಟ್ಟನೆ ನಿಲ್ಲಿಸಿದರು. "ಟೀನಾ! ಬರೀ ಟೀ ಕುಡ್ಕಂಡು ಬಂದ್ಬುಟ್ಟು ನನ್ ಜೀವ ತೆಗ್ದಲ್ಲೇ!"

ಡಾಕ್ಟರು ನಕ್ಕುಬಿಟ್ಟರು. ಇದು ಔಷಧಿಯ ರಿಯಾಕ್ಷನ್ ಅಲ್ಲ, ಖಾಲಿ ಹೊಟ್ಟೆ, ನೋವು, ಹೆದರಿಕೆ ಮೂರೂ ಸೇರಿ ತಲೆ ತಿರುಗಿದ್ದು ಅಂದರು. ಆದರೂ ಒಂದು ಗಂಟೆ ಮಲಗಿಸಿ, ಮತ್ತೆ ಮತ್ತೆ ಬಂದು ನೋಡಿ ಹೋದರು. ನರ್ಸಮ್ಮ ಆ ಗಂಟೆಯಲ್ಲಿ ನನ್ನ ಪಕ್ಕದಿಂದ ಕದಲಲಿಲ್ಲ. ಬೈದರು, ಬನ್ನು ತರಿಸಿಕೊಟ್ಟರು, ಮತ್ತೆ ಬೈದರು. ತುಂಬಿಟ್ಟಿದ್ದ ಸಿರಿಂಜನ್ನು ಮಾತ್ರ ಪಕ್ಕದಿಂದ ತೆಗೆಯಲೇ ಇಲ್ಲ. ನನಗೆ ನಾಚಿಕೆಯಾಯಿತು. "ಇನ್ಮೇಲೆ ಕಲ್ಯಾಣದುರ್ಗಕ್ಕೇ ಹೋಯ್ತೀನಿ ಬಿಡಿ ಅಮ್ಮಾ, ನಿಮಗ್ಯಾಕೆ ಕಷ್ಟ" ಅಂದೆ.

ಅವರು ಉಳಿದ ಅರ್ಧ ಬನ್ನನ್ನು ನನ್ನ ಕೈಗಿಟ್ಟರು. "ಅಲ್ಲಿ ಹೋಗಿ ಬಸ್ಸಲ್ಲಿ ಬಿದ್ರೆ? ಇಲ್ಲೇ ಬಾ. ಉಂಡ್ಕಂಡು ಬಾ."

ಅಲ್ಲಿಂದ ಇಂಜೆಕ್ಷನ್ನಿನ ಹಿಂದಿನ ದಿನ ಅವರೇ ಫೋನ್ ಮಾಡುತ್ತಿದ್ದರು. ಔಷಧಿ ಸೀಸೆಯನ್ನು ಎರಡು ಅಂಗೈಗಳ ನಡುವೆ ಉರುಳಿಸಿ ಬೆಚ್ಚಗೆ ಮಾಡುವುದು, ನಿಧಾನಕ್ಕೆ ಒತ್ತುವುದು, ಮಧ್ಯೆ ಪರಿಗಿಯ ತಮ್ಮ ಸೊಸೆಯ ಪುರಾಣ ಹೇಳಿ ನನ್ನ ಗಮನ ಬೇರೆ ಕಡೆ ತಿರುಗಿಸುವುದು, ಎಲ್ಲ ರೂಢಿ ಮಾಡಿಕೊಂಡರು. ಸೊಸೆ ಕತೆ ಸ್ವಾರಸ್ಯವಾಗಿದ್ದ ದಿನ ಸೂಜಿ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ನಾನು ಬಿದ್ದ ಸುದ್ದಿಯನ್ನು ಬೀದಿಗೆಲ್ಲ ಹಂಚಿದರು. ಅವರ ಲೆಕ್ಕದಲ್ಲಿ ನಾನು ಅವತ್ತು ಅರ್ಧ ಗಂಟೆ ಉಸಿರಾಡಿರಲಿಲ್ಲ.

ಈಗ ನನಗೆ ಇಪ್ಪತ್ತೆರಡು. ಡಿಗ್ರಿ ಮುಗಿಸಿ ಹಿಂದೂಪುರದಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೋದ ಸಲದ ಸ್ಕ್ಯಾನಿನಲ್ಲಿ ಕವಾಟ ಇದ್ದ ಹಾಗೇ ಇದೆ, ಕೆಟ್ಟಿಲ್ಲ. ಇನ್ನೂ ಮೂರ್ನಾಲ್ಕು ವರ್ಷ ಇಂಜೆಕ್ಷನ್ ನಡೆಯಲಿ, ಆಮೇಲೆ ನೋಡೋಣ ಅಂದರು ಡಾಕ್ಟರು. ಎಷ್ಟು ಸೂಜಿಯಾಯಿತೋ, ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟಿದ್ದೇನೆ.

ಕಳೆದ ತಿಂಗಳು ನರ್ಸಮ್ಮ ರಜೆಯಲ್ಲಿದ್ದರು. ಅವರ ಜಾಗದಲ್ಲಿ ಚಿಲಮತ್ತೂರಿನ ಕಡೆಯ ಹೊಸ ನರ್ಸು, ನನ್ನದೇ ವಯಸ್ಸು. ಚೀಟಿ ಓದಿ ಅವಳ ಮುಖ ಸಣ್ಣಗಾಯಿತು. "ಅಕ್ಕಾ, ಇದನ್ನ ನಾನು ಒಂದ್ಸಲಾನೂ ಹಾಕಿಲ್ಲ. ಭಯ ಆಯ್ತದೆ."

"ಮೇಡಂ ಒಳಗೇ ಇದಾರೆ, ಕರೀತೀನಿ ಇರು. ನಾನೂ ಹೊಟ್ಟೆ ತುಂಬ ತಿಂದಿದೀನಿ" ಅಂತ ಹೇಳಿ ಡಾಕ್ಟರನ್ನು ಕರೆದೆ. ಅವರು ಪಕ್ಕದಲ್ಲಿ ನಿಂತು ಒಂದೊಂದನ್ನೂ ತೋರಿಸಿಕೊಟ್ಟರು. ಅವಳು ಉಸಿರು ಬಿಗಿಹಿಡಿದು ಹಾಕಿದಳು. ಕೈ ಹಗುರವಾಗಿತ್ತು. ಮುಗಿದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಗಡಿಯಾರ ನೋಡುತ್ತಾ ಅರ್ಧ ಗಂಟೆ ಅವಳ ಊರಿನ ಸುದ್ದಿ ಮಾತಾಡಿದೆವು.