ಲಾಬಿಯಲ್ಲಿ ತಿರುಗುವ ರುಬ್ಬುವ ಕಲ್ಲು

“ಅಯ್ಯೋ ಆಂಟಿ, ಏನ್ಮಾಡ್ತಿದ್ದೀರಾ!” ಎಂದು ನಮ್ಮ ಸೊಸೈಟಿಯ ಸೆಕ್ರೆಟರಿ ಓಡಿ ಬರುವಷ್ಟರಲ್ಲಿ, ಅಂಗಡಿಯಿಂದ ನನ್ನ ಜೊತೆ ಮರಳುತ್ತಿದ್ದ ಅಮ್ಮ ಲಾಬಿಯ ರುಬ್ಬುವ ಕಲ್ಲಿಗೆ ಒಂದು ಹಿಡಿ ಅಕ್ಕಿ ಹಾಕಿಬಿಟ್ಟಿದ್ದಳು.

ನವಿ ಮುಂಬಯಿಯ ಖಾರಘರದಲ್ಲಿರುವ ನಮ್ಮ ಕಟ್ಟಡದ ಮೇಲಿನ ಮಹಡಿಯವರೊಬ್ಬರು ತಾವು ಸಂಗ್ರಹಿಸಿದ ಆಧುನಿಕ ಕಲಾಕೃತಿಗಳನ್ನು ಆ ವಾರವಷ್ಟೇ ಲಾಬಿಯಲ್ಲಿ ಇರಿಸಿದ್ದರು. ಅವುಗಳಲ್ಲಿ ಈ ಕಲ್ಲೂ ಒಂದು. ಮೋಟಾರು ಹಾಕಿದ್ದರಿಂದ ಅದರ ಗುಂಡು ಹಗಲಿಡೀ ಸುಮ್ಮನೆ ತಿರುಗುತ್ತಿತ್ತು.

“ಖಾಲಿ ಕಲ್ಲು ತಿರುಗ್ಬಾರ್ದು ಮಾರಾಯ್ರೆ, ಮನೆಗೆ ಒಳ್ಳೇದಲ್ಲ” ಎಂದಳು ಅಮ್ಮ.

“ಇದು ಆರ್ಟ್ ಆಂಟಿ! ದುಡಿಯೋ ಹೆಂಗಸರ ಗೌರವಕ್ಕೆ ಅಂತ ಇಟ್ಟಿರೋದು. ಕೈ ಹಾಕ್ಬೇಡಿ” ಎನ್ನುತ್ತಾ ಬೆಂಗಳೂರಿನವರಾದ ಆ ಸೆಕ್ರೆಟರಿ ಮೋಟಾರು ನಿಲ್ಲಿಸಿದರು. ಅಮ್ಮ ಬಗ್ಗಿ ಅಕ್ಕಿ ಆರಿಸತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಕಲ್ಯಾಣದ ಹೋಟೆಲೊಂದರಲ್ಲಿ ದೋಸೆಹಿಟ್ಟು ರುಬ್ಬಿಯೇ ಇವಳು ನನ್ನನ್ನು ಬಿ.ಕಾಂ. ಓದಿಸಿದ್ದು, ನಮ್ಮ ಮನೆತನಕ್ಕೇ ಅದು ಮೊದಲ ಡಿಗ್ರಿ ಎಂದೆ.

ಅವರ ಮುಖ ಅರಳಿತು. “ವಾವ್! ಹಾಗೇ ಬಗ್ಗಿರಿ ಆಂಟಿ, ಒಂದು ಫೋಟೊ!” ಅಮ್ಮ ಸೆರಗನ್ನು ಮುಖಕ್ಕೆಳೆದುಕೊಂಡಳು. ಅಷ್ಟರಲ್ಲಿ ಅವರು ತೆಗೆದಾಗಿತ್ತು.

ಸಂಜೆ ಆ ಫೋಟೊ ಸೊಸೈಟಿಯ ಗ್ರೂಪಿಗೆ ಬಂತು. ಅಮ್ಮನ ಬಗ್ಗಿದ ಬೆನ್ನಿಗೆ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಅಂದಿನಿಂದ ಅವಳು ಪಾರ್ಕಿಂಗ್‌ನ ಹಿಂದಿನ ಗೇಟಿನ ಮೂಲಕವೇ ಓಡಾಡುತ್ತಾಳೆ. ರುಬ್ಬುವ ಕೆಲಸಕ್ಕೆ ಎಂದೂ ನಾಚದ ನನ್ನ ಅಮ್ಮನಿಗೆ ನಾಚಿಕೆ ಕಲಿಸಿದ್ದು ಇವರ ಗೌರವ.