ಮೇಲ್ತುಟಿಯ ಮೇಲಿನ ತಗ್ಗು

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ನನಗಿಲ್ಲ. ನಿವೃತ್ತ ಮಾಸ್ತರನ ಬಾಯಿ ನೋಡಿ. ಎದುರಿಗೆ ಯಾರಾದರೂ ಕೂತರೆ ಸಾಕು, ಪಾಠ ಶುರು. "ಕೇಳೋರು ಸಿಗ್ಲಿಲ್ಲಂದ್ರ ಕಂಬಕ್ಕೂ ಪಾಠ ಹೇಳ್ತೀರಿ ನೀವು" ಎಂದು ಹೆಂಡತಿ ಬೈಯುವುದು ಸುಳ್ಳಲ್ಲ.

ಹೋದ ತಿಂಗಳು ಕಾರಟಗಿಯ ನಮ್ಮ ಓಣಿಯಲ್ಲಿ ಒಂದು ಸೌಹಾರ್ದ ಕೂಟ ನಡೆಯಿತು. ಹುಟ್ಟಿನ ಬಗ್ಗೆ ಬೇರೆ ಬೇರೆ ಧರ್ಮಗಳು ಏನನ್ನುತ್ತವೆ ಎಂಬುದು ವಿಷಯ. ಮುಸ್ಲಿಮರ ಪರವಾಗಿ ನನ್ನ ಪಕ್ಕದ ಮನೆಯ ಗೆಳೆಯ, ದರ್ಜಿ ಖಾಸಿಂಸಾಬ. ಯಹೂದಿಗಳ ಪರವಾಗಿ ಯಾರು? ಗಂಗಾವತಿ, ಕೊಪ್ಪಳ, ಕುಷ್ಟಗಿ ಎಲ್ಲ ಹುಡುಕಿದರೂ ಒಬ್ಬ ಯಹೂದಿ ಸಿಗಲಾರ. ಎಂದೋ ಓದಿದ ಒಂದು ಪುಸ್ತಕದ ಬಲದ ಮೇಲೆ ಆ ಪಟ್ಟ ನನಗೆ ಬಂತು. ಹಾಳೂರಿಗೆ ಉಳಿದವನೇ ಗೌಡ!

ಖಾಸಿಂಸಾಬ ಎರಡೇ ಮಾತು ಆಡಿದ. "ಕೂಸು ಹುಟ್ಟಿದ ಕೂಡ್ಲೆ ಬಲಗಿವಿಯೊಳಗ ಅಜಾನ್ ಹೇಳ್ತೀವ್ರಿ. ಈ ಭೂಮಿ ಮ್ಯಾಲ ಅದು ಕೇಳೋ ಮೊದಲ್ನೇ ಮಾತು ದೇವರ ಹೆಸರಾಗಬೇಕು, ಅಷ್ಟರಿ." ಯಾಕೋ ಅಷ್ಟಕ್ಕೇ ಕೂತುಬಿಟ್ಟ.

ನಾನು ಬಿಡುತ್ತೇನೆಯೇ? ಕೂಸು ಹುಟ್ಟಿದ ಐದನೇ ದಿನ ಅದರ ಹಣೆಬರಹ ಬರೆಯಲು ಬರುವ ನಮ್ಮ ಶೆಟಿಗೆವ್ವನಿಗೆ ಹಾಳೆ, ಪೆನ್ನು ಇಡುವುದರಿಂದ ಶುರುಮಾಡಿ ಯಹೂದಿಗಳ ಕತೆಗೆ ಬಂದೆ. ಹೊಟ್ಟೆಯೊಳಗಿನ ಕೂಸಿಗೆ ಒಬ್ಬ ದೇವದೂತ ಧರ್ಮಗ್ರಂಥವನ್ನೆಲ್ಲ ಕಲಿಸುತ್ತಾನಂತೆ. ಹುಟ್ಟುವ ಗಳಿಗೆಯಲ್ಲಿ ಬಾಯಿಗೊಂದು ಏಟು ಕೊಡುತ್ತಾನೆ. ಕಲಿತದ್ದೆಲ್ಲ ಮರೆತು ಕೂಸು ಅಳುತ್ತ ಹೊರಗೆ ಬರುತ್ತದೆ. ನಮ್ಮೆಲ್ಲರ ಮೇಲ್ತುಟಿಯ ಮೇಲಿನ ತಗ್ಗು ಆ ಏಟಿನ ಗುರುತು. "ನಾ ಕಲಿಸಿದ ಹುಡುಗರಿಗೆ ಮರೀಲಿಕ್ಕೆ ಏಟೂ ಬೇಕಾಗ್ಲಿಲ್ಲ" ಅಂದೆ. ಜನ ನಕ್ಕರು. ನಾನು ಉಬ್ಬಿದೆ.

ನಗದೆ ಕೂತವಳು ಒಬ್ಬಳೇ, ಖಾಸಿಂಸಾಬನ ಸೊಸೆ ರೆಹಾನಾ. ಆಗ ನನಗೆ ನೆನಪಾಯಿತು. ಹೋದ ವರ್ಷ ಅವಳ ಹೆಣ್ಣುಕೂಸು ಹುಟ್ಟುವಾಗಲೇ ತೀರಿಕೊಂಡಿತ್ತು. ಅಳಲೇ ಇಲ್ಲ. ಉಸಿರಿಲ್ಲದ ಕೂಸಿಗೆ ಅಜಾನ್ ಬೇಡವೆಂದು ಹಿರಿಯರು ಹೇಳಿದ್ದರು. ಕಿವಿಯ ತನಕ ಬಗ್ಗಿದ್ದ ಖಾಸಿಂಸಾಬ ಹಾಗೆಯೇ ಎದ್ದು ನಿಂತಿದ್ದ; ಹೊದಿಸುವ ಬಿಳಿ ಬಟ್ಟೆಯನ್ನು ಅವನೇ ಕತ್ತರಿಸಿದ್ದ. ಆ ಒಂದು ಮಾತು ಹೇಳದೆ ಕಳಿಸಿದೆನಲ್ಲ ಎಂಬ ಸಂಕಟ ಅವನಿಗೆ. ದೇವರ ಹೆಸರನ್ನೂ ಕೇಳದ ಕೂಸು ಯಾರ ಮಡಿಲಿಗೆ ಹೋಯಿತೋ ಎಂಬ ಕೊರಗು ಅವಳಿಗೆ. ಗೋಡೆಯಾಚೆಯಿಂದ ಅವಳ ಅಳು ಎಷ್ಟು ಸಲ ಕೇಳಿದ್ದೆ! ಕೇಳಿಯೂ ಮರೆತಿದ್ದೆ. ಥೂ ನನ್ನ ಬಾಯಿಗಿಷ್ಟು!

ಚಹಾದ ಹೊತ್ತಿಗೆ ಅವಳೇ ಬಂದಳು. "ಸರ್ರ, ನನ್ನ ಕೂಸು ಅಳಲಿಲ್ರಿ. ಹಂಗಾರ ಅದಕ್ಕ ಏಟು ಬಿದ್ದಿಲ್ಲ, ಏನೂ ಮರತಿಲ್ಲ. ಹೌದಲ್ರಿ?"

ನಾನು ಓದಿದ ಪುಸ್ತಕದಲ್ಲಿ ಅಳದ ಕೂಸುಗಳ ಸುದ್ದಿಯೇ ಇರಲಿಲ್ಲ.

"ಹೌದವ್ವಾ" ಅಂದೆ.

ಅವಳು ಮಾವನ ಕಡೆ ತಿರುಗಿದಳು. "ಅಬ್ಬಾಜಾನ್, ಅಜಾನ್ ಹೇಳಲಿಲ್ಲಂತ ಇನ್ನ ಮರಗಬ್ಯಾಡ್ರಿ. ದೇವರ ಹೆಸರು ಅದಕ್ಕ ಮೊದ್ಲ ಬರ್ತಿತ್ತು."

ಖಾಸಿಂಸಾಬ ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡ.

ಜೀವಮಾನವಿಡೀ ಪುಸ್ತಕ ನೋಡಿ ಉತ್ತರ ಹೇಳಿದವನು ನಾನು. ಪುಸ್ತಕದಲ್ಲಿಲ್ಲದ್ದನ್ನು ಹೇಳಿದ್ದು ಇದೊಂದೇ. ಅದು ತಪ್ಪಾಗಿದ್ದರೆ, ಆ ದೇವದೂತನ ಇನ್ನೊಂದು ಏಟು ನನ್ನ ಬಾಯಿಗೇ ಬೀಳಲಿ.